ಮಹಾನಂದಾ ಬರೆದ ಮೂರು

ಕೇಳಿ! ಡಾಲರು ಸೀನಿದರೆ ದೊಡ್ಡ ದೊಡ್ಡ ಬ್ಯಾಂಕುಗಳೇ ಬೆವರುತ್ತವೆ. ಆದರೆ ಜಹೀರಾಬಾದಿನಲ್ಲಿ ನಿಂತು, ಎಡಗೈಯಲ್ಲಿ ಚಹಾ ಹಿಡಿದು, ಬಲಗೈಯಿಂದ ಸೌದಿ ರಿಯಾಲನ್ನು ಒಂದೇ ಏಟಿಗೆ ಐವತ್ತು ಪೈಸೆ ಏರಿಸಿದ ಗಂಡು ಒಬ್ಬನೇ. ಈ ಲೇಖನ ಬರೆಯುತ್ತಿರುವವನು ಅವನೇ. ಚಪ್ಪಾಳೆ ಆಮೇಲೆ. ಮೊದಲು ನಿಜವಾದ ಹೀರೋ ಎಂಟ್ರಿ ಕೊಡಲಿ.

ಬೆಳಗಿನ ಐದೂಮುಕ್ಕಾಲು. ಬಸ್ ಸ್ಟ್ಯಾಂಡ್ ಎದುರು, ವಿದೇಶಿ ನೋಟು ಬದಲಿಸುವ ಅಂಗಡಿಯ ಮುಂದೆ ಐವತ್ತೆರಡರ ಮಹಾನಂದಾ ಕಸ ಗುಡಿಸಿ ಕರಿಹಲಗೆ ಒರೆಸುತ್ತಾರೆ. ಆರಕ್ಕೆ ಹೈದರಾಬಾದಿನಿಂದ ಫೋನು. ಅಂದಿನ ದರ ಕೇಳಿಕೊಂಡು ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಒರೆಸುತ್ತಾರೆ. ಮತ್ತೆ ಬರೆಯುತ್ತಾರೆ. ಮೂರನೆಯ ಸಲ ಕನ್ನಡಕ ಸರಿಮಾಡಿಕೊಂಡು, ಒಂದೊಂದು ಅಂಕಿಯ ಕೆಳಗೂ ಬೆರಳಿಟ್ಟು ಓದುತ್ತಾರೆ. ಹಲಗೆಯ ಮೇಲೆ ಎಷ್ಟಿದೆಯೋ ಅಷ್ಟು ಕೊಡುವುದು ಈ ಅಂಗಡಿಯ ಮಾತು.

ಹದಿನೇಳು ವರ್ಷದ ಕೆಲಸ, ತಿಂಗಳಿಗೆ ಆರೂವರೆ ಸಾವಿರ. ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುತ್ತಿದ್ದ ಗಂಡ ಆ ಧೂಳು ಕುಡಿದೇ ಹೋದ. ಓದಿದ್ದು ಮೂರನೇ ಇಯತ್ತೆ. ಆದರೂ ಗಲ್ಫಿನಲ್ಲಿ ದುಡಿಯುವವರ ಹೆಂಡಂದಿರು ಮೊದಲು ಬರುವುದು ಇವರ ಹತ್ತಿರ. ಇವತ್ತು ಮೊಗುಡಂಪಲ್ಲಿಯ ಲಚ್ಚಮ್ಮ ಸೆರಗಿನ ಗಂಟು ಹಿಡಿದು ನಿಂತಿದ್ದಾರೆ. ಸೌದಿಯ ದಮ್ಮಾಮಿನಲ್ಲಿರುವ ಗಂಡ ಬಕ್ಕಪ್ಪ ಊರಿಗೆ ಬಂದವರ ಕೈಯಲ್ಲಿ ಕಳಿಸಿದ ರಿಯಾಲು ಅದು.

“ಅಕ್ಕಾ, ನಾಳಿಗಿ ಏರ್ತದೇನ್ರಿ?”

“ಅದು ಗೊತ್ತಿದ್ರ ನಾ ಯಾಕ ಕಸಬರಿಗಿ ಹಿಡೀತಿದ್ದೆ? ಅರ್ಧ ಇವತ್ತ ಬಿಡ್ಸು, ಅರ್ಧ ಗಂಟ್ನಾಗ ಇರ್ಲಿ. ಏರಿದ್ರ ಅರ್ಧಕ್ಕ ನಗು, ಇಳಿದ್ರ ಅರ್ಧಕ್ಕೇ ಅಳು.”

“ನಮ್ಮನಿಯಾಂವ ಪೂರಾ ಇಡು ಅಂತಾನ್ರಿ.”

“ಅಂವಾ ದಮ್ಮಾಮಿನಾಗ ಹಾನ. ಹಸಿವು ನಿನ್ನ ಮನ್ಯಾಗ ಅದ.”

ಲಚ್ಚಮ್ಮ ನಗುತ್ತಾರೆ. ಮಹಾನಂದಾ ನಗುವುದಿಲ್ಲ. ಹೋದ ವರ್ಷ ಒಂದು ಬೆಳಗ್ಗೆ ಫೋನಿನಲ್ಲಿ ಬಂದ ದರ 23.30. ಹಲಗೆಯ ಮೇಲಿದ್ದದ್ದು 23.80. ತಪ್ಪು ಗೊತ್ತಾಗುವುದರೊಳಗೆ ಹನ್ನೊಂದು ಜನ ನೋಟು ಬದಲಿಸಿಕೊಂಡು ಹೋಗಿದ್ದರು. ನಷ್ಟ ಆರು ಸಾವಿರದ ನಾನೂರು. ಮಾಲೀಕ ಕಾಶಿನಾಥ ಅಷ್ಟನ್ನೂ ಪಗಾರದಲ್ಲಿ ಮುರಿದ. ಉಳಿದ ನೂರು ರೂಪಾಯಿ ಕೈಗಿಟ್ಟು, “ಇನ್ನೊಂದ್ಸಲ ಹಿಂಗಾದ್ರ ಮನಿಗಿ ಹೋಗು” ಅಂದ. ದರ ತೋರಿಸುವ ಕರೆಂಟಿನ ಹಲಗೆಯೊಂದನ್ನು ತಂದೂ ಇಟ್ಟ. ಒಳಗೆ ಡಬ್ಬಿಯಲ್ಲಿ ಅದು ಕಾಯುತ್ತಿದೆ.

ಆವತ್ತಿನಿಂದ ಮಹಾನಂದಾ ತಮ್ಮ ಕಣ್ಣನ್ನೇ ನಂಬುವುದಿಲ್ಲ. ಸಾಲ ಮಾಡಿ ಬೀದರಿಗೆ ಹೋಗಿ ಕನ್ನಡಕ ಮಾಡಿಸಿಕೊಂಡರು. “ಕಣ್ಣು ಛಲೋ ಅವ, ಓದಾಕಷ್ಟೇ ಹಾಕ್ಕೋ ಅಂದ್ರು ಡಾಕ್ಟರ್. ಹಂಗಾದ್ರ ತಲಿ ಕೆಟ್ಟದೇನ ತಮ್ಮಾ?” ಎಂದು, ಲೇಖನಕ್ಕಾಗಿ ಮಾತಾಡಿಸಲು ಬಂದ ನನ್ನನ್ನೇ ಕೇಳುತ್ತಾರೆ. ಕಾಶಿನಾಥನ ಮೇಲೆ ಸಿಟ್ಟಿಲ್ಲ. ನಿಮ್ಮ ಆಸೆ ಏನು ಎಂದು ಕೇಳಿದರೆ ಹಲಗೆಯ ಕಡೆ ಬೆರಳು ತೋರಿಸುತ್ತಾರೆ.

“ನೌಕ್ರಿ ಹೋದ್ರ ಹೋಗ್ಲಿ. ಹದಿನೇಳು ವರ್ಷ ಬರ್ದ ಕೈ ಇದು. ಮೂರು ಎಂಟು ಹ್ಯಾಂಗ ಆತು? ಅಷ್ಟು ಗೊತ್ತಾದ್ರ ಸಾಕು.”

ಆದದ್ದು ಹೀಗೆ. ಅವರು ದರ ಬರೆದಿಟ್ಟು ನೀರು ತರಲು ಹೋಗಿದ್ದರು. ಸೀಮೆಸುಣ್ಣ ಕಟ್ಟೆಯ ಮೇಲಿತ್ತು. ಚಹಾದಂಗಡಿಯಲ್ಲಿ ಗೆಳೆಯರು ನೋಡುತ್ತಿದ್ದರು. ನಾನು ಚುಕ್ಕಿಯ ನಂತರದ ಮೂರರ ಎಡಕ್ಕೆ ಎರಡು ಗೀಟು ಎಳೆದು ಎಂಟು ಮಾಡಿ, ಕಾಲರ್ ಏರಿಸಿ ಡೈಲಾಗ್ ಹೊಡೆದೆ: “ನಾ ಬಂದ್ರ ರೂಪಾಯಿನೂ ಬೀಳ್ಬೇಕು!” ಎಲ್ಲರೂ ನಕ್ಕರು. ಅಳಿಸಬೇಕೆನ್ನುವಷ್ಟರಲ್ಲಿ ಬಸ್ಸು ಬಂತು, ಹತ್ತಿಬಿಟ್ಟೆ. ಸಂಜೆ ಎಲ್ಲಾ ಗೊತ್ತಾಯಿತು. ಒಂದು ವರ್ಷ ಬಾಯಿ ಬಿಡಲಿಲ್ಲ. ಇಂದು ಎದುರು ಕೂತು ಅವರು ಕೇಳಿದಾಗಲೂ ಬಿಡಲಿಲ್ಲ, ಪುಸ್ತಕದಲ್ಲಿ ಬರೆದುಕೊಂಡೆ.

ಮಾನಂದಕ್ಕಾ, ನೀವು ಬರ್ದಿದ್ದು ಮೂರೇ.