ಹಿಡ್ಕೊಂಡ್ರಾ? ಬಿಡ್ಲಾ?

ನನ್ನ ಅಕ್ಕನ ಕೈಯಿಂದ ಒಂದು ಲೋಟ ಚಹಾ ತೆಗೆದುಕೊಳ್ಳುವುದೂ ಸುಲಭದ ಮಾತಲ್ಲ. ಲೋಟ ಮುಂದೆ ಚಾಚುತ್ತಾಳೆ, ನಾವು ಹಿಡಿಯುತ್ತೇವೆ, ಅವಳು ಮಾತ್ರ ಬಿಡುವುದಿಲ್ಲ. ಕಣ್ಣಲ್ಲಿ ಕಣ್ಣಿಟ್ಟು, "ಹಿಡ್ಕೊಂಡ್ಯಾ? ಬಿಡ್ಲಾ?" ಎಂದು ಕೇಳುತ್ತಾಳೆ. "ಬಿಡಕ್ಕಾ, ಬೆರಳು ಸುಡ್ತಿದೆ!" ಎಂದು ನಾನು ಕಿರುಚಿದ ಮೇಲೆಯೇ ಲೋಟ ನನ್ನದಾಗುವುದು.

ಇದು ಅವಳ ಕೆಲಸ ಅಂಟಿಸಿದ ಚಟ. ಅಕ್ಕ ಒಂದು ಶಿಶುವಿಹಾರದಲ್ಲಿ ಆಯಾ. ಸಂಜೆ ಮಕ್ಕಳನ್ನು ಕರೆದೊಯ್ಯಲು ಬಂದವರ ಕೈಯಲ್ಲಿ ಮಗುವಿನ ಕೈ ಇಟ್ಟು, ಮಗು ಏನು ತಿಂದಿತು, ಯಾರನ್ನು ಕಚ್ಚಿತು, ಚಡ್ಡಿ ಯಾಕೆ ಬದಲಾಯಿತು ಎಲ್ಲವನ್ನೂ ಹೇಳುತ್ತಾಳೆ. ಕೇಳಿದವರು ಅಷ್ಟನ್ನೂ ತಿರುಗಿ ಹೇಳಬೇಕು. ಆಮೇಲೆಯೇ ಅವಳ ಬೆರಳು ಸಡಿಲವಾಗುವುದು. ಒಬ್ಬ ಅಪ್ಪ ಫೋನಿನಲ್ಲಿ ಮಾತಾಡುತ್ತಲೇ ಮಗನನ್ನು ಎಳೆದುಕೊಂಡು ಹೊರಟಿದ್ದನಂತೆ. ಇವಳು ಗೇಟಿಗೆ ಅಡ್ಡ ನಿಂತು, "ಫೋನ್ ಜೇಬಿಗೆ ಹಾಕಿ ಸರ್. ನಿಮ್ಮ ಮಗ ಇವತ್ತು ಮೂಗೊಳಗೆ ಏನು ತುರುಕಿಕೊಂಡಿದ್ದ, ಹೇಳಿ ನೋಡೋಣ" ಎಂದಳಂತೆ. ಅಂದಿನಿಂದ ಆ ಮನುಷ್ಯ ಪರೀಕ್ಷೆ ಬರೆಯಲು ಬಂದ ಹುಡುಗನ ಹಾಗೆ ಒಳಗೆ ಬರುತ್ತಾನೆ. ಮಕ್ಕಳನ್ನೂ ಹಾಗೆಯೇ ಪಳಗಿಸಿದ್ದಾಳೆ. ಕೈ ಬದಲಾಯಿತೆಂದರೆ ಮುಗಿಯಿತು, ಯಾವ ಮಗುವೂ ಹಿಂದೆ ತಿರುಗಿ ಅಳುವ ಹಾಗಿಲ್ಲ.

ಅವಳದೇ ಮಕ್ಕಳು ಮೂವರು. ಮೊದಲಿನ ಇಬ್ಬರು ಗಂಡು, ಕೊನೆಯದು ನಾಲ್ಕು ವರ್ಷದ ಹುಡುಗಿ. ಅದಕ್ಕೆ ನಾವು ಇಟ್ಟ ಹೆಸರು ಜಿಗಣೆ. ಅಮ್ಮನ ಕೈಗೆ ಅಂಟಿತೆಂದರೆ ಕಿತ್ತರೂ ಬರುವುದಿಲ್ಲ.

ನಮ್ಮ ಭಾವ ದೂರದ ಊರಿನಲ್ಲಿ ಲಿಫ್ಟ್ ರಿಪೇರಿ ಮಾಡುತ್ತಾರೆ. ರಜೆಗೆ ಎಲ್ಲರೂ ವಿಮಾನದಲ್ಲಿ ಬನ್ನಿ ಎಂದು ಅವರೇ ಟಿಕೆಟ್ ಮಾಡಿಸಿದರು. ಅಕ್ಕನಿಗೆ ಜೊತೆಯಾಗಿ ನನಗೂ ಒಂದು ಟಿಕೆಟ್. ಭಾವ ಒಳ್ಳೆಯವರೇ, ಆದರೆ ಬಸ್ಸಿನಲ್ಲಿ ಕಿಟಕಿಗಾಗಿ ಮಕ್ಕಳು ಕಿತ್ತಾಡುವುದನ್ನು ಕಂಡು ಕಂಡು ಅವರ ತಲೆ ಕೆಟ್ಟಿತ್ತು. ಯಾರೂ ಜಗಳ ಆಡಬಾರದು ಎಂದು ಪುಣ್ಯಾತ್ಮ ಎಲ್ಲರಿಗೂ ಕಿಟಕಿ ಸೀಟನ್ನೇ ಆರಿಸಿಬಿಟ್ಟಿದ್ದರು! ಜಿಗಣೆ ಮುಂದುಗಡೆ, ಅದರ ಹಿಂದಿನ ಸಾಲಿನಲ್ಲಿ ನಾನು, ಗಂಡುಮಕ್ಕಳು ನಡುವೆ ಎಲ್ಲೋ ಒಂದೊಂದು ಕಡೆ, ಅಕ್ಕ ಕಟ್ಟಕಡೆಯಲ್ಲಿ, ಟಾಯ್ಲೆಟ್ಟಿಗೆ ಬೆನ್ನು ಹಾಕಿ.

ಇದು ಗೊತ್ತಾದದ್ದು ವಿಮಾನ ನಿಲ್ದಾಣದ ಕೌಂಟರಿನಲ್ಲಿ. ಜಿಗಣೆ ಮನೆ ಬಿಡುವಾಗಲೇ ಷರತ್ತು ಹಾಕಿತ್ತು: "ಅಪ್ಪ ಸಿಗೋ ತನಕ ಕೈ ಬಿಡಬಾರದು. ಬಿಟ್ರೆ ನಾನು ಇಳಿದುಬಿಡ್ತೀನಿ." ಎಲ್ಲಿಂದ ಇಳಿಯುತ್ತೀಯಮ್ಮಾ ಎಂದು ಕೇಳಲು ಯಾರಿಗೂ ಧೈರ್ಯವಿರಲಿಲ್ಲ. ಅಕ್ಕ ಆಣೆ ಮಾಡಿದ್ದಳು.

"ವಿಮಾನ ಪೂರ್ತಿ ತುಂಬಿದೆ ಸರ್. ಒಳಗೆ ಹೋಗಿ ಪಕ್ಕದವರನ್ನು ಕೇಳಿ ನೋಡಿ" ಎಂದಳು ಕೌಂಟರಿನ ಹುಡುಗಿ.

ನನಗೆ ಉರಿದುಹೋಯಿತು. ಬಸ್ಸು, ವ್ಯಾನುಗಳಿಗೆ ಸೀಟು ಹೊಲಿಯುವುದೇ ನನ್ನ ಕಸುಬು. ಊರಿಗೆಲ್ಲ ಸೀಟು ಹೊಲಿದುಕೊಟ್ಟವನ ಮನೆಯವರು ಸೀಟಿಗಾಗಿ ಅಂಗಲಾಚಬೇಕೇ? "ನಾಲ್ಕು ವರ್ಷದ ಕೂಸು ಒಂಟಿಯಾಗಿ ಕೂರುತ್ತಾ? ನಿಮಗೇನು ತಲೆ ನೆಟ್ಟಗಿದೆಯಾ?" ಎಂದು ಎಗರಾಡಿದೆ. ಒಳಗಿನಿಂದ ಹಿರಿಯ ಅಧಿಕಾರಿಯೊಬ್ಬ ಬಂದು, ಇನ್ನೊಂದು ಸಲ ದನಿ ಏರಿಸಿದರೆ ನೀವಿಲ್ಲದೆಯೇ ವಿಮಾನ ಹೊರಡುತ್ತದೆ ಎಂದು ತಣ್ಣಗೆ ಹೇಳಿದ. ಅಕ್ಕ ನನ್ನ ತೋಳು ಚಿವುಟಿದಳು. "ಬಾಯಿಗೆ ಬೀಗ ಹಾಕ್ಕೊಳ್ಳೋ ಸಿಡುಕ. ನಾನು ನೋಡ್ಕೋತೀನಿ."

ಅದು ಚಿಕ್ಕ ವಿಮಾನ, ಒಂದೊಂದು ಬದಿಗೆ ಎರಡೆರಡೇ ಸೀಟು. ಜಿಗಣೆಯ ಪಕ್ಕದಲ್ಲಿ ಕೋಟು ಹಾಕಿದ ಒಬ್ಬ ಮನುಷ್ಯ ಆಗಲೇ ಬೆಲ್ಟು ಬಿಗಿದು ಕೂತಿದ್ದ. ನನ್ನ ಮಟ್ಟಿಗೆ ಮೆತ್ತಗೇ ಕೇಳಿದೆ.

"ಇಲ್ಲಪ್ಪ. ಬೇಗ ಇಳೀಬೇಕು ಅಂತಾನೇ ಮುಂದಿನ ಸೀಟು ಆರಿಸಿದ್ದು. ಹಿಂದಕ್ಕೆ ಹೋಗಿ ಆ ಟಾಯ್ಲೆಟ್ ಪಕ್ಕ ಯಾರು ಕೂತಾರು?"

ನನ್ನ ಮೂಗು ಅರಳಿತು. ಅಕ್ಕ ನನ್ನನ್ನು ಪಕ್ಕಕ್ಕೆ ತಳ್ಳಿ ಮುಂದೆ ಬಂದಳು. ಮುಖದಲ್ಲಿ ಬೆಣ್ಣೆ.

"ಪರವಾಗಿಲ್ಲ ಸರ್, ನೀವು ಕೂತ್ಕೊಳ್ಳಿ. ಹಾಗಾದ್ರೆ ಮಗೂನ ನಿಮಗೇ ಒಪ್ಪಿಸಿಬಿಡ್ತೀನಿ. ಎಲ್ಲಿ, ಕೈ ಕೊಡಿ."

ಏನು, ಎತ್ತ ಎಂದು ತಿಳಿಯುವ ಮುಂಚೆಯೇ ಅವನ ಅಂಗೈಯಲ್ಲಿ ಜಿಗಣೆಯ ಕೈ ಇತ್ತು. ಮೇಲೆ ಅಕ್ಕನ ಕೈ.

"ನೋಡಿ ಸರ್, ಇವಳು ವಾಂತಿ ಬರುತ್ತೆ ಅಂತ ಬಾಯಿಬಿಟ್ಟು ಹೇಳಲ್ಲ. ಕಣ್ಣು ಅಗಲ ಮಾಡ್ತಾಳೆ. ಮಾಡಿದ ತಕ್ಷಣ ಕವರ್ ಹಿಡೀಬೇಕು. ತಡ ಆದ್ರೆ ನಿಮ್ಮ ಕೋಟು, ನಿಮ್ಮಿಷ್ಟ. ಒಂದಕ್ಕೆ ಬಂದ್ರೆ 'ಬಂತು' ಅಂತಾಳೆ. ಅಂದ್ರೆ ಬಂದೇಬಿಟ್ಟಿದೆ, ಎತ್ಕೊಂಡು ಓಡಿ. ನಿದ್ದೆಗೆ ಕಿವಿ ಬೇಕು, ಹಿಡಿದು ಉಜ್ಜುತ್ತಾಳೆ. ನಿಮ್ಮದು ದೊಡ್ಡದಾಗೇ ಇದೆ, ಸಾಕಾಗುತ್ತೆ. ಅಳು ಶುರುವಾದ್ರೆ ಕಾಗೆ ಕಥೆ ಹೇಳಿ. ಕಾಗೆ ಥರ ಜೋರಾಗಿ ಕೂಗಬೇಕು, ಮೆಲ್ಲಗೆ ಕೂಗಿದ್ರೆ ಒಪ್ಪಲ್ಲ. ಈಗ ಒಂದ್ಸಲ ಎಲ್ಲಾ ತಿರುಗಿ ಹೇಳಿ."

ಕೋಟಿನವನ ಮುಖ ಬಿಳುಚಿತು. ಮುಂದಿನ ಸಾಲಿನವರು ತಿರುಗಿ ನೋಡಿ ಕಿಸಕ್ಕೆಂದರು. "ಕಣ್ಣು ಅಗಲಿಸಿದ್ರೆ... ಕವರ್" ಎಂದು ತೊದಲಿದ.

"ಬಂತು ಅಂದ್ರೆ?"

"ಓಡಬೇಕು."

"ಕಾಗೆ ಹೇಗೆ ಕೂಗುತ್ತೆ?"

"ಅಯ್ಯೋ, ಬೇಡಮ್ಮಾ ಬೇಡ! ನೀವೇ ಕೂತ್ಕೊಳ್ಳಿ, ನಾನು ಹಿಂದೆ ಹೋಗ್ತೀನಿ" ಎಂದು ಬೆಲ್ಟಿಗೆ ಕೈ ಹಾಕಿದ.

ಅಕ್ಕ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದಳು. ಒಂದೇ ಒಂದು ಸುಳ್ಳು ಹೇಳದೆ ಕೆಲಸ ಸಾಧಿಸಿದ್ದಳು. ಆದರೆ ಬೆಲ್ಟು ಬಿಚ್ಚಲು ಹೋದ ಕೈ ಅಲ್ಲಾಡಲಿಲ್ಲ. ಅದಕ್ಕೆ ಜಿಗಣೆ ಅಂಟಿತ್ತು.

"ಬಾ ಕಂದ, ಅಮ್ಮ ಇಲ್ಲೇ ಕೂರ್ತೀನಿ."

"ಬೇಡ. ನನ್ನನ್ನ ಈ ಮಾಮಂಗೆ ಒಪ್ಪಿಸಿ ಆಯ್ತಲ್ಲ. ನೀನು ಹೋಗು."

"ಅದು ಸುಮ್ನೆ ಕಣೇ..."

"ಒಪ್ಪಿಸಿದ ಮೇಲೆ ಹಿಂದೆ ನೋಡಬಾರದು ಅಂತ ನೀನೇ ಹೇಳಿದ್ದು!"

ಅದರ ಷರತ್ತು ಕೈ ಬಿಡಬಾರದು ಎಂದಷ್ಟೇ. ಯಾರ ಕೈ ಎಂದು ಅದು ಹೇಳಿರಲೂ ಇಲ್ಲ, ನಾವು ಕೇಳಿರಲೂ ಇಲ್ಲ. ಬಿಡಿಸಲು ಹೋದರೆ ಕಿರುಚಲು ಬಾಯಿ ತೆರೆಯಿತು. ಅಷ್ಟರಲ್ಲಿ ಗಗನಸಖಿ ಬಂದು, "ವಿಮಾನ ಹೊರಡಬೇಕು, ದಯವಿಟ್ಟು ನಿಮ್ಮ ಜಾಗಕ್ಕೆ ಹೋಗಿ ಮೇಡಂ" ಎಂದಳು. ನನ್ನ ಸೀಟನ್ನಾದರೂ ಅಕ್ಕನಿಗೆ ಕೊಡೋಣವೆಂದು ಎದ್ದರೆ, ಈಗ ಬದಲಾಯಿಸಲು ಹೊತ್ತಿಲ್ಲ ಎಂದು ನನ್ನನ್ನೂ ಕೂರಿಸಿದಳು. ಊರ ಮಕ್ಕಳನ್ನೆಲ್ಲ ನಗುನಗುತ್ತಾ ಕಳಿಸಿಕೊಟ್ಟ ಅಕ್ಕ ತನ್ನ ಕೂಸನ್ನು ಬಿಟ್ಟು ಹಿಂದೆ ನಡೆದಳು. ಹೋಗುವಾಗ ಹತ್ತು ಸಲ ತಿರುಗಿದಳು. ಕೂಸು ಒಂದು ಸಲವೂ ತಿರುಗಲಿಲ್ಲ.

ಆಮೇಲಿನದನ್ನು ಹಿಂದಿನ ಸೀಟಿನಿಂದ ನಾನು ಕಣ್ಣಾರೆ ಕಂಡೆ. ಮೊದಲು ಒಂದು ಸಣ್ಣ "ಕಾ" ಕೇಳಿಸಿತು. "ಜೋರಾಗಿ!" ಎಂದು ಅಪ್ಪಣೆಯಾಯಿತು. ಆಮೇಲೆ ಕೋಟಿನವನು ಇಡೀ ವಿಮಾನಕ್ಕೆ ಕೇಳುವ ಹಾಗೆ ಕೂಗಿದ. ಮುಂದುಗಡೆಯವರು ಚಪ್ಪಾಳೆ ಹೊಡೆದರು. ನಡುವಿನಿಂದ ನಮ್ಮ ಗಂಡುಮಕ್ಕಳೂ ಕಾ ಕಾ ಎಂದರು, ತಮ್ಮ ತಮ್ಮ ಕಿಟಕಿಯಿಂದ ಕದಲದೆ. ಗಗನಸಖಿ ನೀರು ಹಂಚುತ್ತಾ ಬಂದು, "ಸರ್, ಕೊನೇ ಸಾಲಿನ ಮೇಡಂ ಕೇಳ್ತಿದ್ದಾರೆ, ಕಣ್ಣು ಅಗಲ ಮಾಡಿದ್ಲಾ ಅಂತ" ಎಂದಳು.

"ಇಲ್ಲ ಅಂತ ಹೇಳಿ. ಅಯ್ಯೋ, ಮಾಡಿದ್ಲು! ಮಾಡಿದ್ಲು! ಕವರ್!"

ಕೋಟು ಉಳಿಯಿತು. ಕಿವಿ ಮಾತ್ರ ಇಳಿಯುವ ಹೊತ್ತಿಗೆ ಕೆಂಡದ ಹಾಗೆ ಕೆಂಪಾಗಿತ್ತು.

ವಿಮಾನ ನಿಂತಿತು. ಬೇಗ ಇಳಿಯಬೇಕೆಂದಿದ್ದವನು ಏಳಲಿಲ್ಲ. ಭುಜದ ಮೇಲೆ ಜಿಗಣೆ ಮಲಗಿತ್ತು. ಎಲ್ಲರೂ ಇಳಿದ ಮೇಲೆ ಅಕ್ಕ ಹಿಂದಿನಿಂದ ಓಡಿಬಂದಳು. ಅವನು ಮಗುವಿನ ಕೈಯನ್ನು ಅವಳ ಕೈಯಲ್ಲಿಟ್ಟ, ಆದರೆ ತನ್ನ ಕೈ ತೆಗೆಯಲಿಲ್ಲ.

"ಒಂದು ಸಲ ಕಣ್ಣು ಅಗಲ ಮಾಡಿದ್ಲು, ಕವರ್ ಹಿಡಿದೆ. ಎರಡು ಸಲ 'ಬಂತು' ಅಂದ್ಲು, ಓಡಿದೆ. ಕಾಗೆ ಕಥೆ ಎಷ್ಟು ಸಲ ಆಯ್ತೋ ಲೆಕ್ಕ ಇಲ್ಲ. ಈಗ ನೀವು ತಿರುಗಿ ಹೇಳಿ."

ಅಕ್ಕ ಒಂದಕ್ಷರ ಬಿಡದೆ ಹೇಳಿದಳು. ಯಾವತ್ತೂ ಒಪ್ಪಿಸುವವಳು ಅವಳೇ, ಒಪ್ಪಿಸಿಕೊಳ್ಳುವುದು ಹೊಸದು.

"ಹಿಡ್ಕೊಂಡ್ರಾ? ಬಿಡ್ಲಾ?"

"ಬಿಡಿ ಸರ್" ಎಂದು ಮಗುವನ್ನು ಎದೆಗೆ ಅವುಚಿಕೊಂಡಳು.

ಹೊರಗೆ ಭಾವ ಹಲ್ಲು ಕಿರಿಯುತ್ತಾ ನಿಂತಿದ್ದರು. "ಏನು, ಎಲ್ಲರಿಗೂ ಕಿಟಕಿ ಸಿಕ್ತಾ?"

ದಾರಿಯುದ್ದಕ್ಕೂ ನುಂಗಿಕೊಂಡಿದ್ದ ಕೋಪವೆಲ್ಲ ನನ್ನ ನೆತ್ತಿಗೇರಿತು. ಬಾಯಿ ತೆರೆಯಬೇಕು, ಅಷ್ಟರಲ್ಲಿ ಅಕ್ಕ ನನ್ನ ಕೈಯನ್ನು ಎಳೆದು ಭಾವನ ಕೈಯಲ್ಲಿಟ್ಟಳು.

"ನೋಡಿ, ಇವನಿಗೆ ಕೋಪ ಬರೋ ಮುಂಚೆ ಮೂಗು ಅರಳುತ್ತೆ. ಅರಳಿದ ತಕ್ಷಣ ಬಾಯಿಗೆ ಏನಾದ್ರೂ ತುರುಕಬೇಕು. ತಡ ಆದ್ರೆ ನಿಮ್ಮಿಷ್ಟ. ಹಿಡ್ಕೊಂಡ್ರಾ? ಬಿಡ್ಲಾ?"