ಟೆಂಪೋದಲ್ಲಿ ಉಳಿದ ಡಬ್ಬಿ

ಮುನಿಆಂಜನಪ್ಪನನ್ನು ನೆನೆದರೆ ಮೊದಲು ನನಗೆ ಅವನ ಮೇಲೆ ಸಿಟ್ಟು ಬರುತ್ತದೆ. ಆಮೇಲೆ ನನ್ನ ಮೇಲೆ.

ರಾಮಮೂರ್ತಿ ನಗರದ ಹಳೇ ಊರಿನವನು. ಹೊಸಕೋಟೆ ಕಡೆಯಿಂದ ಶಿವಾಜಿನಗರದ ಮಾರ್ಕೆಟ್ಟಿಗೆ ಹೂವಿನ ಮೂಟೆ ಸಾಗಿಸುವ ಟೆಂಪೋ ಓಡಿಸುತ್ತಿದ್ದ. ನಾನು ಆ ಭಾಗದ ಕ್ಷಯರೋಗಿಗಳ ಮನೆಗೆ ಹೋಗಿ, ಮಾತ್ರೆ ನುಂಗಿದರೋ ಇಲ್ಲವೋ ನೋಡುವವಳು. ಟೀಬಿ ಎಂದಾಗ ಅವನು ಹೆದರಲಿಲ್ಲ. ಎಚ್‌ಐವಿಯೂ ಇದೆ ಎಂದಾಗ ಮಾತ್ರ ಬಾಗಿಲ ಕಡೆ ನೋಡಿದ.

"ಟೀಬಿ ಅಂತ ಮನೇಲಿ ಹೇಳ್ತೀನಿ ಮೇಡಂ. ಇನ್ನೊಂದು ನನ್ನತ್ರಾನೇ ಇರ್ಲಿ."

ಹೀಗೆ ಟೀಬಿ ಮಾತ್ರೆ ದೇವರ ಗೂಡಿನ ಪಕ್ಕ ಕೂತಿತು, ಎಚ್‌ಐವಿ ಮಾತ್ರೆಯ ಡಬ್ಬಿ ಟೆಂಪೋ ಸೀಟಿನ ಕೆಳಗೆ ಹೋಯಿತು. ನಾನು ಬಿಡಿಸಿ ಹೇಳಿದ್ದೆ: ಈ ಹೊಸ ಮಾತ್ರೆಯಿಂದ ಮೈಗೆ ಶಕ್ತಿ ಮರಳಿದಾಗ, ಅದು ಒಳಗಿರುವ ಟೀಬಿಯ ಮೇಲೆ ಒಮ್ಮೆಲೇ ಹರಿಹಾಯುತ್ತದೆ. ಜ್ವರ ಬರಬಹುದು, ಕತ್ತಿನ ಗಡ್ಡೆ ಊದಬಹುದು. ಮಾತ್ರೆ ನಿಲ್ಲಿಸಬೇಡಿ, ಕೂಡಲೇ ಆಸ್ಪತ್ರೆಗೆ ಬನ್ನಿ. ಎಲ್ಲದಕ್ಕೂ ಹೂಂ ಅಂದಿದ್ದ.

ಮೂರನೇ ವಾರ ಹಾಗೇ ಆಯಿತು. ಕತ್ತು ಊದಿ, ಮೈ ಸುಡತೊಡಗಿತು. ಹೆಂಡತಿ ಮುನಿಶಾಮಮ್ಮ ನೋಡಿದವಳೇ, "ಅಮ್ಮ ಬಂದವ್ಳೆ. ಇಂಗ್ಲಿಷ್ ಮಾತ್ರೆ ಮುಟ್ಟಂಗಿಲ್ಲ" ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು. ಸಿಡುಬು, ಗದ್ದಬಾವು ಎಲ್ಲ ದೇವಿಯೇ ಮೈಗೆ ಬಂದದ್ದೆಂಬ ನಂಬಿಕೆ; ಅಮ್ಮ ಬಂದವರು ತಲೆಗೆ ನೀರು ಹಾಕುವತನಕ ಹೊಸ್ತಿಲು ದಾಟುವ ಹಾಗಿಲ್ಲ. ಟೆಂಪೋ ಬೀದಿಯಲ್ಲಿತ್ತು. ಇದು ಅಮ್ಮ ಅಲ್ಲ ಎನ್ನಬೇಕಾದರೆ ಡಬ್ಬಿಯ ವಿಷಯವನ್ನೂ ಹೇಳಬೇಕಿತ್ತು. ಅವನು ಬಾಯಿ ಬಿಡಲಿಲ್ಲ.

ನಾನೂ ಹೋಗಿದ್ದೆ. ಬೇವಿನ ಸೊಪ್ಪು ಕಂಡು ಹೊಸ್ತಿಲಲ್ಲೇ ನಿಂತೆ. ನಾನೂ ಇಂಥದೇ ಮನೆಯಲ್ಲಿ ಬೆಳೆದವಳು. ಅಮ್ಮ ಇರುವ ಮನೆಗೆ ಹೊರಗಿನವರು ಕಾಲಿಡಬಾರದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. "ಹುಷಾರಾಗ್ತಾ ಅವ್ರೆ, ನೀರು ಹಾಕಿದ್ಮೇಲೆ ಬನ್ನಿ" ಎಂದಳು ಒಳಗಿನಿಂದ ಮುನಿಶಾಮಮ್ಮ. ಬಂದ ದಾರಿಗೇ ವಾಪಸಾದೆ. ಇಪ್ಪತ್ತು ವರ್ಷದ ನೌಕರಿಯನ್ನು ಒಂದು ಹಿಡಿ ಸೊಪ್ಪು ಗೆದ್ದಿತು.

ಒಂಬತ್ತನೇ ದಿನ ಅವನಿಗೆ ಹೆಂಡತಿಯ ಗುರುತು ಸಿಗಲಿಲ್ಲ. ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ ಕಾಯಿಲೆ ಮೆದುಳಿಗೆ ಏರಿತ್ತು. ಆಗ ನಾನು ಓಡಾಡಿದ್ದೇ ಓಡಾಡಿದ್ದು, ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ನಾಲ್ಕೇ ದಿನ ಬದುಕಿದ.

ತಿಥಿ ಮುಗಿದ ಮೇಲೆ ಮುನಿಶಾಮಮ್ಮ ನನ್ನನ್ನು ಕರೆಸಿದಳು. ಟೆಂಪೋ ತೊಳೆಯುವಾಗ ಡಬ್ಬಿ ಸಿಕ್ಕಿತ್ತು.

"ಇದ್ಯಾವ ಮಾತ್ರೆ ಮೇಡಂ? ಮನೇಲಿರೋದು ಬೇರೆ ಥರ ಐತೆ."

ಸತ್ತವನ ಗುಟ್ಟು ಕಾಯಲೋ, ಬದುಕಿರುವವಳನ್ನು ಕಾಯಲೋ? ಇನ್ನೊಂದು ಸಲ ಹೊಸ್ತಿಲಿಂದ ಹಿಂದಿರುಗಲು ನನ್ನಿಂದ ಆಗಲಿಲ್ಲ. ಅವಳ ಕೈ ಹಿಡಿದು ಎಲ್ಲವನ್ನೂ ಹೇಳಿದೆ. "ನಾಳೆ ನೀವೂ ರಕ್ತ ಪರೀಕ್ಷೆ ಮಾಡಿಸ್ಬೇಕು ಅಕ್ಕ. ನಾನೇ ಕರ್ಕೊಂಡು ಹೋಗ್ತೀನಿ."

ತನ್ನ ರಕ್ತದ ಬಗ್ಗೆ ಅವಳು ಏನೂ ಕೇಳಲಿಲ್ಲ. ಬಾಗಿಲಿನಲ್ಲಿ ಒಣಗಿದ್ದ ಬೇವಿನ ಸೊಪ್ಪನ್ನೇ ನೋಡುತ್ತ ಕೂತಳು.

"ಹಂಗಾದ್ರೆ ಅದು ಅಮ್ಮ ಅಲ್ವಾ ಮೇಡಂ? ಮಾತ್ರೆ ಬೇಕು ಅಂತ ಒಂದಿನ ಕೈ ಚಾಚಿದ್ರು. ನಾನೇ ಕೈಗೆ ಹೊಡ್ದೆ."