ಕಾಟಿಯ ಕೆಂಪು ಕೊಂಬು

ನನ್ನ ಬಳಿ ಒಂದು ಚಿತ್ರವಿದೆ. ಅದನ್ನು ನೆನಪು ಎಂದು ಕರೆಯಲು ಈಚೆಗೆ ಧೈರ್ಯ ಸಾಲುತ್ತಿಲ್ಲ. ಬೆಳಗಿನ ಮಂಜು. ಕಬ್ಬಿಣದ ಬೇಲಿ. ಬೇಲಿಯ ಆಚೆ, ಹಿಂದಿನ ರಾತ್ರಿಯ ಒಂದು ತುಂಡು ಕರಗದೆ ಉಳಿದಂತೆ ನಿಂತಿರುವ ಕಾಡುಕೋಣ. ನಮ್ಮ ಕಡೆ ಕಾಟಿ ಅನ್ನುತ್ತಾರೆ. ನಾಲ್ಕು ಕಾಲಿಗೂ ಬಿಳಿ ಕಾಲುಚೀಲ ಹಾಕಿದ ಹಾಗೆ. ಒಂದು ಕೊಂಬು ಕೆಂಪು, ಇನ್ನೊಂದು ಅದರ ಹುಟ್ಟುಬಣ್ಣದ್ದು. ಬೇಲಿಯ ಈಚೆ ನನ್ನ ಸೋದರಮಾವ, ಅವರ ಕೈಯಲ್ಲಿ ತೆಂಗಿನ ಕರಟ, ಕರಟದಲ್ಲಿ ಎಣ್ಣೆಗೆ ಕಲಸಿದ ಕೆಮ್ಮಣ್ಣು. ಮತ್ತೆ ಒಂದು ಮಗುವಿನ ದನಿ: "ಮಾವ, ಇವಳಿಗೆ ಹಬ್ಬ ಇಲ್ವಾ?"

ಆ ದನಿ ನನ್ನದು ಎಂದೇ ಇಷ್ಟು ವರ್ಷ ತಿಳಿದಿದ್ದೆ.

ಮಾವ ನಗರದ ಮೃಗಾಲಯದಲ್ಲಿ ಪ್ರಾಣಿಪಾಲಕರಾಗಿದ್ದರು. ಆ ಸಂಕ್ರಾಂತಿ ಮುಗಿದ ಮೇಲೆ ಅವರನ್ನು ಕಾಟಿಯ ಬಳಿಯಿಂದ ತೆಗೆದು ಪಕ್ಷಿಗಳ ಕಡೆಗೆ ಹಾಕಿದರು. ನಿವೃತ್ತಿಯಾಗುವ ತನಕ ಅಲ್ಲೇ ಉಳಿದರು. ಇದು ಮನೆಯವರೆಲ್ಲರಿಗೂ ಗೊತ್ತಿದ್ದ ಸಂಗತಿ. ನಾನು ಯಾರಿಗೂ ಹೇಳದೆ ಇಟ್ಟುಕೊಂಡದ್ದು ಅದರ ಹಿಂದಿನ ಒಂದೇ ಒಂದು ವಾಕ್ಯ. ನಾನು ಕೇಳದಿದ್ದರೆ ಅವರು ಬಳಿಯುತ್ತಿರಲಿಲ್ಲ. ಬಳಿಯದಿದ್ದರೆ ಕಾಟಿ ಅವರ ಕೈ ತಪ್ಪುತ್ತಿರಲಿಲ್ಲ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮೃಗಾಲಯದಿಂದ ಮಾವನಿಗೆ ಒಂದು ಕಾಗದ ಬಂತು. ಮೃಗಾಲಯದ ಚರಿತ್ರೆಯನ್ನು ಪುಸ್ತಕ ಮಾಡುತ್ತಿದ್ದಾರೆ, ಹಳೆಯ ಪಾಲಕರು ತಮ್ಮ ನೆನಪುಗಳನ್ನು ಬರೆದುಕೊಡಬೇಕು ಎಂದಿತ್ತು. ಮಾವ ಜಾವಗಲ್ಲಿನಿಂದ ಫೋನ್ ಮಾಡಿದರು. "ನೀನು ಓದ್ದೋಳು. ಬಂದು ಬರ್ಕೊಡವ್ವ. ನಾನು ಹೇಳ್ತೀನಿ."

ನಾನು ಬೇಲೂರಿನಲ್ಲಿ ಕಾಲೇಜು ಮಕ್ಕಳಿಗೆ ಇತಿಹಾಸ ಪಾಠ ಮಾಡುತ್ತೇನೆ. ಒಬ್ಬನೇ ಸಾಕ್ಷಿಯನ್ನು ನಂಬಬೇಡಿ ಎಂದು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುತ್ತೇನೆ. ದಿನಚರಿ ಬರೆಯುವ ಅಭ್ಯಾಸ ಬಂದದ್ದೂ ಅದೇ ಅಪನಂಬಿಕೆಯಿಂದ. ಆದರೆ ಏಳು ವರ್ಷದವಳಿದ್ದಾಗ ನಾನು ದಿನಚರಿ ಬರೆಯುತ್ತಿರಲಿಲ್ಲ.

ಭಾನುವಾರಗಳಂದು ಹೋಗತೊಡಗಿದೆ. ಬೇಲೂರಿನಿಂದ ಹಳೇಬೀಡಿಗೆ ಒಂದು ಬಸ್ಸು, ಅಲ್ಲಿಂದ ಜಾವಗಲ್ಲಿಗೆ ಇನ್ನೊಂದು. ಎರಡನೆಯದು ತಡವಾದಾಗ ದೇವಸ್ಥಾನದ ಅಂಗಳಕ್ಕೆ ಹೋಗಿ ಕೂರುತ್ತಿದ್ದೆ. ಗೋಡೆಯ ಕೆಳಗೆ ಸಾಲುಸಾಲಾಗಿ ಆನೆಗಳು, ಅವುಗಳ ಮೇಲೆ ಸಿಂಹಗಳು, ಕುದುರೆಗಳು, ಇನ್ನೂ ಮೇಲೆ ಮಕರ. ಮಕರಕ್ಕೆ ಆನೆಯ ಸೊಂಡಿಲು, ಮೊಸಳೆಯ ಬಾಯಿ, ನವಿಲಿನ ಬಾಲ. ಚಿಕ್ಕವಳಿದ್ದಾಗ ಅದು ಯಾವ ಮೃಗಾಲಯದಲ್ಲಿದೆ ಎಂದು ಮಾವನನ್ನು ಕೇಳಿದ್ದೆನಂತೆ. "ನಮ್ಮಲ್ಲಿಲ್ಲ ಕಣವ್ವ, ಅದಕ್ಕೆ ಏನು ತಿನ್ನಿಸ್ಬೇಕು ಅಂತ ಯಾರ್ಗೂ ಗೊತ್ತಿಲ್ಲ" ಅಂದಿದ್ದರಂತೆ. ಇದನ್ನು ಹೇಳಿದವಳು ಅಮ್ಮ. ಅಮ್ಮ ಈಗಿಲ್ಲ. ಕಾಟಿಯ ಕಥೆಯನ್ನೂ ಅಮ್ಮ ಎಷ್ಟು ಸಲ ಹೇಳಿದ್ದಳೆಂದರೆ, ಅದರಲ್ಲಿ ಕಣ್ಣಾರೆ ಕಂಡದ್ದೆಷ್ಟು, ಕಿವಿಯಿಂದ ಬಂದು ಸೇರಿಕೊಂಡದ್ದೆಷ್ಟು ಎಂದು ಬಿಡಿಸಲು ಹೋದರೆ ಮಕರದ ಸೊಂಡಿಲು ಎಲ್ಲಿ ಮುಗಿಯುತ್ತದೆ ಎಂದು ಹುಡುಕಿದ ಹಾಗಾಗುತ್ತದೆ.

ಮಾವ ಜಗಲಿಯ ಮೇಲೆ ಕೂತು ಹೇಳುತ್ತಿದ್ದರು. ಅತ್ತೆ ಅವರೆಕಾಯಿ ಸುಲಿಯುತ್ತಾ ಒಳಬಾಗಿಲಲ್ಲಿ ಕೂರುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ.

ಮೃಗಾಲಯದ ಚರಿತ್ರೆ ಮಾವನ ಪಾಲಿಗೆ ಶುರುವಾಗುವುದು ಅರಸೀಕೆರೆ ಸ್ಟೇಷನ್ನಿನಲ್ಲಿ. ಆಗ ಅವರಿಗೆ ಮೀಸೆ ಮೂಡುವ ವಯಸ್ಸು. ಕೊಬ್ಬರಿ ಮೂಟೆಗಳ ಜೊತೆ ಅರಸೀಕೆರೆಗೆ ಹೋಗಿದ್ದರು.

"ಎದುರುಗಡೆ ಗೂಡ್ಸ್ ಗಾಡಿ ನಿಂತಿತ್ತು. ಒಂದು ಡಬ್ಬಿ ಬಾಗ್ಲು ಅರ್ಧ ತೆಗ್ದಿದ್ರು. ಒಳಗೆ ನೋಡ್ತೀನಿ, ಕತ್ತೆ. ಮೈ ತುಂಬ ಪಟ್ಟೆ. ಯಾರೋ ಸುಣ್ಣ ಬಳಿದವ್ರೆ ಅಂದ್ಕೊಂಡೆ. ಕಾವಲಿಗಿದ್ದೋನ್ನ ಕೇಳ್ದೆ, ಯಾವ ಹಬ್ಬಕ್ಕಣ್ಣ ಬಳ್ದಿರೋದು ಅಂತ."

"ಅವನೇನಂದ?"

"ನಗ್ಲೂ ಇಲ್ಲ. ಬಕೇಟು ಕೊಟ್ಟು, ನೀರು ತಗೊಂಬಾ, ಎರಡು ದಿನದಿಂದ ಕುಡಿದಿಲ್ಲ ಅಂದ. ತಂದ್ಕೊಟ್ಟೆ. ನನ್ನ ಕೈಲೇ ಕುಡೀತು. ಅವನು ನೋಡ್ತಾ ನಿಂತಿದ್ದ."

"ಕೊಬ್ಬರಿ ಮಾರಕ್ಕೆ ಹೋದೋರು ಜೀಬ್ರಾ ಹಿಂದೆ ಮೃಗಾಲಯಕ್ಕೆ ಹೋದ್ರು," ಅಂದರು ಅತ್ತೆ. "ಇಂಥೋರಿಗೆ ನಮ್ಮಪ್ಪ ನನ್ನ ಕೊಟ್ಟ."

"ನಿಮ್ಮಪ್ಪ ಮೃಗಾಲಯಕ್ಕೆ ಬಂದಾಗ ಮೊದಲು ಮಂಗನ ಬೋನಿಗೇ ಹೋಗಿದ್ದು. ನೆಂಟ್ರನ್ನ ಮಾತಾಡಿಸ್ಕೊಂಡು ಬತ್ತೀನಿ ಅಂತ."

ಅತ್ತೆ ಅವರೆಕಾಯಿ ಸಿಪ್ಪೆಯನ್ನು ಅವರ ಕಡೆಗೆ ಎಸೆದರು.

ಹೀಗೆ ಒಂದೊಂದೇ ಭಾನುವಾರ ಮೃಗಾಲಯ ಜಗಲಿಗೆ ಬಂದು ಸೇರಿತು. ಮಾವ ಕೆಲಸಕ್ಕೆ ಸೇರಿದಾಗ ಅಲ್ಲೆಲ್ಲ ಸರಳಿನ ಬೋನುಗಳು. ಹುಲಿ ಹೋಗಿ ಬಂದು ಹೋಗಿ ಬಂದು ಕಲ್ಲುನೆಲದಲ್ಲಿ ದಾರಿ ಸವೆದಿತ್ತು. ಆಮೇಲೆ ಬೋನುಗಳನ್ನು ಒಡೆದು ಕಂದಕ ತೋಡಿದರು, ಗಿಡ ನೆಟ್ಟರು. ಮೊದಲ ದಿನ ಬಯಲಿಗೆ ಬಿಟ್ಟ ಹುಲಿ ಹುಲ್ಲಿನ ಮೇಲೆ ಕಾಲಿಡಲು ಹೆದರಿ ಬಾಗಿಲಲ್ಲೇ ಕೂತಿತಂತೆ. ವಾರಕ್ಕೊಂದು ದಿನ ಮಾಂಸಾಹಾರಿಗಳಿಗೆ ಉಪವಾಸ. ಆ ಬೆಳಗ್ಗೆ ಸಿಂಹದ ಕೂಗು ನೌಕರರ ಮನೆಗಳ ಹಂಚನ್ನು ಅಲ್ಲಾಡಿಸುತ್ತಿತ್ತು, ಅತ್ತೆ ಅದನ್ನು ಕೇಳಿಯೇ ಇವತ್ತು ಯಾವ ವಾರ ಎಂದು ತಿಳಿಯುತ್ತಿದ್ದರು. ನೀರಾನೆ ಸತ್ತ ದಿನ ಅದರ ಕೊಳದ ನೀರು ನಿಶ್ಚಲವಾದದ್ದನ್ನು ಮಾವ ಬಹಳ ಹೊತ್ತು ವರ್ಣಿಸಿದರು. ಬರೆದುಕೊಂಡು ಬಸ್ಸು ಹತ್ತಿದರೆ ಕಿಟಕಿಯಾಚೆ ರಾಗಿ ಹೊಲಗಳ ನಡುವೆ ಯಾವ್ಯಾವುದೋ ಪ್ರಾಣಿ ನಡೆದು ಹೋದಂತೆ ಅನಿಸುತ್ತಿತ್ತು. ತೆಂಗಿನ ಮರಗಳ ಎತ್ತರದಲ್ಲಿ ಒಂದು ಜಿರಾಫೆ ತಲೆ ತಿರುಗಿಸುತ್ತಿತ್ತು. ಒಮ್ಮೆ ಜಿರಾಫೆಯನ್ನು ನೋಡುತ್ತಲೇ ಹಳೇಬೀಡಿನಲ್ಲಿ ಇಳಿಯುವುದನ್ನು ಮರೆತೆ.

ಕೊನೆಗೆ ಕಾಟಿ ಬಂದಳು. ಮಾವ ಅವಳನ್ನು ಯಾವತ್ತೂ 'ಅದು' ಅನ್ನುವುದಿಲ್ಲ. ಅರೇಹಳ್ಳಿಯಾಚೆಯ ಕಾಫಿ ತೋಟವೊಂದರಲ್ಲಿ ತಾಯಿ ತಪ್ಪಿ ನಿಂತಿದ್ದ ಕರು. ಲಾರಿಯಲ್ಲಿ ಹುಲ್ಲು ಹಾಸಿ ತಂದಿದ್ದರು. ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದವರು ಮಾವ. ದೊಡ್ಡವಳಾದ ಮೇಲೂ ಅವರು ಕೆಮ್ಮಿದರೆ ಸಾಕು, ಬೇಲಿಗೆ ಬಂದು ಹಣೆ ಒಡ್ಡುತ್ತಿದ್ದಳು. ಬೇರೆ ಯಾರು ಬಂದರೂ ಬುಸುಗುಟ್ಟಿ ಹಿಂದೆ ಸರಿಯುತ್ತಿದ್ದಳು.

ಸಂಕ್ರಾಂತಿಗೆ ಊರಿನಲ್ಲಿ ದನಗಳ ಮೈ ತೊಳೆದು, ಕೊಂಬು ಹೆರೆದು ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುತ್ತಾರೆ. ಅಷ್ಟಾಗದೆ ಮನೆಯವರು ಎಳ್ಳುಬೆಲ್ಲ ಬಾಯಿಗಿಡುವುದಿಲ್ಲ. ಮಾವನಿಗೆ ಆ ವರ್ಷ ರಜ ಸಿಗಲಿಲ್ಲ. ಅಮ್ಮ ಎಳ್ಳುಬೆಲ್ಲ, ಕಬ್ಬು, ಒಂದು ಪೊಟ್ಟಣ ಕೆಮ್ಮಣ್ಣು ಕಟ್ಟಿಕೊಂಡು ನಗರಕ್ಕೆ ಹೋದಳು. ಹಬ್ಬದ ಬೆಳಗ್ಗೆ, ಗೇಟು ತೆಗೆಯುವ ಮುಂಚೆ, ಮಾವ ಕಾಟಿಯ ಕೊಂಬಿಗೆ ಬಣ್ಣ ಬಳಿದರು. ಗೇಟು ತೆಗೆದ ಮೇಲೆ ಆಗಿದ್ದು ಅವರ ಎಣಿಕೆಯಲ್ಲಿರಲಿಲ್ಲ. ಕೆಂಪು ಕೊಂಬಿನ ಕಾಟಿಯನ್ನು ನೋಡಲು ಜನ ಮುಗಿಬಿದ್ದರು. ಕೈಮುಗಿದರು, ಬಾಳೆಹಣ್ಣು ಎಸೆದರು, ಯಾರೋ ಊದುಬತ್ತಿ ಹಚ್ಚಿ ಬೇಲಿಗೆ ಸಿಕ್ಕಿಸಿದರು. ಅವಳು ಗಾಬರಿಯಾಗಿ ಓಡಿ ಭುಜವನ್ನು ಗೋಡೆಗೆ ಉಜ್ಜಿಕೊಂಡು ಗಾಯ ಮಾಡಿಕೊಂಡಳು. ಮೇಲಧಿಕಾರಿ ಬಂದು ನೋಡಿದರು.

ಇಷ್ಟನ್ನೂ ಬರೆದೆ. ಸಂಕ್ರಾಂತಿಗೆ ಇನ್ನೊಂದು ವಾರವಿರುವಾಗ ಅದನ್ನು ಮಾವನಿಗೆ ಓದಿ ಹೇಳಿದೆ. ಒಂದು ವಾಕ್ಯವನ್ನು ನಾನೇ ಸೇರಿಸಿದ್ದೆ. ಓದುವಾಗ ದನಿ ಸಣ್ಣಗಾಯಿತು: "ಏಳು ವರ್ಷದ ಸೊಸೆ, ಇವಳಿಗೆ ಹಬ್ಬವಿಲ್ಲವೇ ಎಂದು ಕೇಳಿದ್ದರಿಂದ ನಾನು ಬಣ್ಣ ಬಳಿದೆ."

ನಮ್ಮಲ್ಲಿ ತಂಗಿಯ ಮಗಳನ್ನು ಸೊಸೆ ಎಂದೇ ಕರೆಯುವುದು. ಮಾವ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದವರು ತೆರೆದರು.

"ಅದನ್ನ ಹೊಡ್ದಾಕು."

"ಯಾಕೆ ಮಾವ? ನಾನು ಕೇಳಿದ್ದು ನಿಜ ಅಲ್ವಾ?"

"ನೀನೆಲ್ಲಿದ್ದೆ ಅಲ್ಲಿ? ನಿನಗೆ ಮಂಗನಬಾವು ಬಂದಿತ್ತು. ಕೆನ್ನೆ ಊದ್ಕೊಂಡು ಊರಲ್ಲಿ ಅಜ್ಜಿ ಹತ್ರ ಇದ್ದೆ. ನಿಮ್ಮಮ್ಮ ಒಬ್ಳೇ ಬಂದಿದ್ದು."

ಒಳಬಾಗಿಲಿಂದ ಅತ್ತೆ, "ಮಂಗನಬಾವು ಬಂದಿದ್ದು ಅದರ ಮುಂದಿನ ವರ್ಷ," ಅಂದರು.

"ನಿಂಗೇನು ಗೊತ್ತು?"

"ಯಾಕ್ ಗೊತ್ತಿಲ್ಲ? ನಾನೇ ಅಲ್ವಾ ಎಳ್ಳು ಬೀರಕ್ಕೆ ಕಳಿಸಿದ್ದು ಇವಳನ್ನ, ಕೆಂಪು ಲಂಗ ಹಾಕಿ."

"ಕೆಂಪು ಲಂಗ ನಿನ್ನ ತಂಗಿ ಮಗಳದ್ದು."

ಅವರಿಬ್ಬರೂ ಲಂಗ ಯಾರದೆಂದು ಜಗಳಕ್ಕಿಳಿದರು. ಹೊಣೆ ನನ್ನದಲ್ಲ ಅಂದರೆ ನನಗೆ ಹಗುರಾಗಬೇಕಿತ್ತು. ಬದಲಿಗೆ ಮಂಜು, ಬೇಲಿ, ಆ ದನಿ ಎಲ್ಲ ನನ್ನ ಕೈಯಿಂದ ಯಾರೋ ತೆಗೆದುಕೊಂಡು ಹೋಗುತ್ತಿದ್ದ ಹಾಗಿತ್ತು.

"ನಂಗೆ ನೆನಪಿದೆ ಮಾವ. ಒಂದು ಕೊಂಬು ಮಾತ್ರ ಕೆಂಪಿತ್ತು."

"ಎರಡೂ ಬಳ್ದೆ. ಒಂದು ಕೊಂಬು ಬಳಿದು ಬಿಡ್ತಾರೇನವ್ವ ಯಾರಾದ್ರೂ? ದನಕ್ಕೆ ಅಪಮಾನ."

ಎರಡನೆಯದನ್ನು ಬಳಿಯುವ ಮುಂಚೆ ನಾನು ನೋಡಿರಬಹುದೇ? ಅಥವಾ ಅಮ್ಮನ ಕಥೆಯಲ್ಲೇ ಒಂದು ಕೊಂಬು ಬಿಟ್ಟುಹೋಗಿತ್ತೇ? ಕೇಳಲಿಲ್ಲ. ಬೇರೆ ಒಂದನ್ನು ಕೇಳಿದೆ.

"ಅವಳನ್ನ ಬಿಟ್ಟಿದ್ದಕ್ಕೆ ನಿಮಗೆ ಬೇಜಾರಾಗಲಿಲ್ವಾ?"

ಮಾವ ಅಂಗಳದ ಕಡೆ ನೋಡಿದರು. "ಹೊಸಬನ ಕೈಲಿ ಎಂಟು ದಿನ ತಿನ್ಲಿಲ್ಲ. ನನ್ನ ವಾಸನೆ ಬಂದ್ರೆ ಬೇಲಿಗೆ ಬಂದು ನಿಂತ್ಕೊಂಡುಬಿಡೋಳು, ಮೇವು ಬಿಟ್ಟು. ಅದಕ್ಕೆ ಆ ದಾರೀಲಿ ಹೋಗದು ಬಿಟ್ಟೆ. ಆನೆ ಕಡೆಯಿಂದ ಸುತ್ತು ಬಳಸಿ ಹಕ್ಕಿಗಳ ಹತ್ರ ಹೋಗ್ತಿದ್ದೆ. ಮಳೇಲೂ ಅಷ್ಟೆ. ಅವಳು ಇರೋ ತನಕ ಹಂಗೇ."

ಅತ್ತೆಯ ಕೈ ಅವರೆಕಾಯಿಯ ಮೇಲೆ ನಿಂತಿತು. ಇದನ್ನು ಅವರೂ ಮೊದಲ ಸಲ ಕೇಳುತ್ತಿದ್ದರೇನೋ.

"ಮಗು ಕೇಳ್ತು ಅಂತ ಬರ್ದಿದ್ರೆ ಅವತ್ತೇ ಏನೂ ಮಾಡ್ದೆ ಬಿಡ್ತಿದ್ರು ನನ್ನ," ಅಂದರು ಮಾವ. "ಸಾಹೇಬ್ರು ಒಳ್ಳೇರು. ಕಾಗದ ಮುಂದಿಟ್ಟು, ಮಗೂ ಕಿತಾಪತಿ ಅಂತ ಬರ್ಕೊಡಯ್ಯ, ಮುಗಿಸೋಣ ಅಂದ್ರು. ನಾನು ಬರೀಲಿಲ್ಲ."

"ಯಾವ ಮಗು ಮಾವ?"

ಅವರು ನನ್ನ ಮುಖ ನೋಡಲಿಲ್ಲ. "ಯಾವ್ದೋ ಮಗು. ಮೃಗಾಲಯ ಅಂದ್ಮೇಲೆ ಮಕ್ಕಳಿರಲ್ವಾ?"

"ಬರೆದುಕೊಟ್ಟಿದ್ರೆ ಅವಳ ಹತ್ರಾನೇ ಇರ್ತಿದ್ರಿ."

"ಇರ್ತಿದ್ದೆ. ಕಿತಾಪತಿ ಅಂತ ಬರ್ದ ಮೇಲೆ ಅವಳ ಮುಂದೆ ಹೆಂಗೆ ನಿಂತ್ಕೊಳ್ಳದು? ಜನ ಹಂಗೆ ಬೀಳ್ತಾರೆ ಅಂತ ಗೊತ್ತಾಗ್ಲಿಲ್ಲ, ಅದು ನನ್ನ ತಪ್ಪು. ಅವಳ ಭುಜ ಕಿತ್ತಿದ್ದು ನನ್ನಿಂದಲೇ. ಅದನ್ನ ಬರಿ. ಆದ್ರೆ ಬಳಿದದ್ದು ಹಬ್ಬ. ಸಾಕಿದೋನು ನಾನು, ಹಬ್ಬ ಮಾಡ್ದೋನು ನಾನು. ಯಾರೂ ಹೇಳಿ ಮಾಡಿಸಿದ್ದಲ್ಲ. ಹಂಗೇ ಬರಿ."

ನಾನು ಆ ವಾಕ್ಯವನ್ನು ಹೊಡೆದು ಹಾಕಿದೆ. ಅವರು ಹೇಳಿದ ಹಾಗೆಯೇ ಬರೆದೆ. ನನ್ನ ವಿದ್ಯಾರ್ಥಿಯೊಬ್ಬ ಹೀಗೆ ಮಾಡಿದ್ದರೆ ಎಷ್ಟು ಪ್ರಶ್ನೆ ಕೇಳುತ್ತಿದ್ದೆನೋ. ಒಬ್ಬ ಸಾಕ್ಷಿ ಮಂಗನಬಾವು ಅನ್ನುತ್ತಾನೆ, ಇನ್ನೊಬ್ಬಳು ಕೆಂಪು ಲಂಗ ಅನ್ನುತ್ತಾಳೆ, ಮೂರನೆಯವಳು ನಾನು. ಆದರೆ ಮೃಗಾಲಯದ ಪುಸ್ತಕಕ್ಕೆ ಬೇಕಾದದ್ದು ಮಾವನ ನೆನಪು. ಆ ಪುಟದಲ್ಲಿ ನನಗೊಂದು ಜಾಗ ಮಾಡಿಕೊಳ್ಳಲು ಹೋದರೆ, ಅವರು ಅವತ್ತು ಸಹಿ ಹಾಕದ ಕಾಗದಕ್ಕೆ ಇಷ್ಟು ವರ್ಷದ ಮೇಲೆ ನಾನು ಸಹಿ ಹಾಕಿದಂತಾಗುತ್ತಿತ್ತು. ಆ ರಾತ್ರಿ ದಿನಚರಿಯಲ್ಲಿ ಎರಡು ಕಥೆಗಳನ್ನೂ ಬರೆದೆ. ಯಾವುದರ ಕೆಳಗೂ ಗೆರೆ ಎಳೆಯಲಿಲ್ಲ.

ಸಂಕ್ರಾಂತಿಯ ದಿನ ಕಾಗದಗಳನ್ನು ಅಂಚೆಗೆ ಹಾಕಿ ಜಾವಗಲ್ಲಿಗೆ ಹೋದೆ. ಮಾವನ ಮನೆಯಲ್ಲಿ ಈಗಿರುವುದು ಒಂದೇ ನಾಟಿ ಹಸು. ಮೈ ತೊಳೆದು ಅಂಗಳದಲ್ಲಿ ಕಟ್ಟಿದ್ದರು. ಬೆಳಗಿನ ಮಂಜು ಇನ್ನೂ ಹೋಗಿರಲಿಲ್ಲ, ತೆಂಗಿನ ಗರಿಗಳಿಂದ ತೊಟ್ಟಿಕ್ಕುತ್ತಿತ್ತು. ಅಂಗಡಿಯ ಬಣ್ಣದ ಡಬ್ಬಿ ಪಕ್ಕದಲ್ಲಿದ್ದರೂ ಮಾವ ಕರಟದಲ್ಲಿ ಕೆಮ್ಮಣ್ಣು ಕಲಸುತ್ತಿದ್ದರು. ಒಂದು ಕೊಂಬು ಬಳಿದು ಮುಗಿಸಿ, ಸೊಂಟ ಹಿಡಿದುಕೊಂಡು ಎದ್ದು, ಕರಟವನ್ನು ನನ್ನ ಕೈಗಿಟ್ಟರು.

"ಬಗ್ಗಕ್ಕೆ ಆಗಲ್ಲ. ಇನ್ನೊಂದು ನೀನು ಬಳಿ."

"ನಂಗೆ ಬರಲ್ಲ ಮಾವ. ಯಾವತ್ತೂ ಬಳಿದಿಲ್ಲ."

"ಬಳಿ, ಬತ್ತದೆ," ಅಂದು ಅವರು ಹಸುವಿನ ಕೊರಳ ಕೆಳಗಿನ ಗಂಗೆದೊಗಲು ಸವರತೊಡಗಿದರು.

ನಾನು ಹೆಬ್ಬೆರಳನ್ನು ಬಣ್ಣದಲ್ಲಿ ಅದ್ದಿ ಬುಡದಿಂದ ಶುರು ಮಾಡಿದೆ. ಕೊಂಬು ತುದಿಯಲ್ಲಿ ತಣ್ಣಗಿರುತ್ತದೆ, ಬುಡದಲ್ಲಿ ಬೆಚ್ಚಗೆ, ಒಳಗೆ ಜೀವ ಹರಿಯುವಷ್ಟು ಬೆಚ್ಚಗೆ. ಅದು ಬೆರಳಿಗೆ ತಾಗುವ ಮೊದಲೇ ನನಗೆ ಗೊತ್ತಿತ್ತು. ಯಾವ ಕೊಂಬಿನಿಂದ ಗೊತ್ತಾಗಿತ್ತು ಎಂದು ಮಾವನನ್ನು ಕೇಳಬೇಕೆನಿಸಿತು. ಅವರು ಹಸುವಿನ ಆ ಬದಿಯಲ್ಲಿದ್ದರು, ಮುಖ ಕಾಣುತ್ತಿರಲಿಲ್ಲ. ನಾನು ಕೇಳದೆ, ಎರಡನೆಯ ಕೊಂಬನ್ನು ತುದಿಯ ತನಕ ಬಳಿದು ಮುಗಿಸಿದೆ.